ಚುಕ್ಕಿಯಷ್ಟು ಜಾಗ

ಪ್ರೀತಿಯ ಚಿಕ್ಕಮ್ಮನಿಗೆ,

ಈ ಪತ್ರವನ್ನು ಚಿಕ್ಕಪ್ಪನೇ ನಿಮಗೆ ಓದಿ ಹೇಳಬೇಕು. ಚಿಕ್ಕಪ್ಪ, ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ಬೀಜಗಣಿತ ಎಂದರೆ ಮೂಗು ಮುರಿಯುತ್ತಿದ್ದ ನನಗೆ ಅದರ ಚೆಲುವು ತೋರಿಸಿದವರು ನೀವು. ಒಂದೇ ಸಾಲಿನ ಸಮೀಕರಣ ಬರೆದು, ಅದು ಹೇಳುವ ಆಕಾರವನ್ನು ಜೇಡಿಮಣ್ಣಿನಲ್ಲಿ ಮಾಡಿದಿರಿ. ಕೈಗೊಂದರಂತೆ ಎರಡು ದಪ್ಪ ಮಣ್ಣಿನ ಹನಿ ಹಿಡಿದು ತುದಿಗೆ ತುದಿ ತಾಗಿಸಿದಿರಿ. "ಈ ಚುಕ್ಕಿ ನೋಡೇ ತರಲೆ, ಚೆಂದವೆಲ್ಲ ಇಲ್ಲೇ ಕೂತಿರೋದು. ಇದಕ್ಕೆ ಉದ್ದ ಇಲ್ಲ, ದಪ್ಪ ಇಲ್ಲ." ಆಮೇಲೆ ನಿಮ್ಮ ಕಣ್ಣು ಹೋಯಿತು. ನಾನು ನಿಮ್ಮ ಸಮೀಕರಣಗಳ ಆಕಾರಗಳನ್ನೇ ಪ್ಲಾಸ್ಟರಿನಲ್ಲಿ ಎರಕ ಹೊಯ್ದು ಶಿಲ್ಪಿ ಎನಿಸಿಕೊಂಡೆ.

ಈ ಸಲದ ಪ್ರದರ್ಶನಕ್ಕೆ ಆ ಹನಿಗಳನ್ನು ಹೊಯ್ದಾಗಲೆಲ್ಲ ಚುಕ್ಕಿಯ ಬಳಿಯೇ ಮುರಿಯುತ್ತಿದ್ದವು. ದಪ್ಪವೇ ಇಲ್ಲದ ಕಡೆ ಪ್ಲಾಸ್ಟರ್ ಹೇಗೆ ನಿಂತೀತು? ಬೇಸತ್ತು, ಸಮೀಕರಣದ ಕೊನೆಗೆ ಪುಟ್ಟದೊಂದು ಸಂಖ್ಯೆ ಸೇರಿಸಿದೆ. ಚುಕ್ಕಿ ಹೋಗಿ, ಎರಡು ಹನಿಗಳನ್ನು ಕೂಡಿಸುವ ಸಣ್ಣ ಕತ್ತು ಬಂತು. ಯಾರಿಗೂ ಗೊತ್ತಾಗದು ಎಂದುಕೊಂಡೆ.

ಹೋದ ವಾರ ನೀವು ನನ್ನ ಕೆಲಸದ ಕೋಣೆಗೆ ಬಂದಿರಿ. ನಿಮ್ಮ ಬೆರಳು ಮೇಲಿಂದ ಇಳಿಯುತ್ತ ಬಂದು ಆ ಕತ್ತಿನ ಬಳಿ ನಿಂತಿತು. "ಇಲ್ಲಿ ಸ್ವಲ್ಪ ದಪ್ಪ ಇದೆ ಅಲ್ವೇನೆ?" ಎಂದಿರಿ. "ಸರಿಯಾಗೇ ಇದೆ ಚಿಕ್ಕಮ್ಮ, ನಿಮ್ಮ ಬೆರಳೇ ಮೊಂಡಾಗಿದೆ" ಎಂದು ನಕ್ಕೆ. ನೀವೂ ನಕ್ಕಿರಿ. "ಇರಬಹುದು, ವಯಸ್ಸಾಯ್ತಲ್ಲ" ಎಂದಿರಿ.

ಮೊನ್ನೆ ಚಿಕ್ಕಪ್ಪ ಫೋನಿನಲ್ಲಿ ಮಾತಿಗೆ ಮಾತು ಬಂದು ಹೇಳಿದರು. ಚಹಾ ಬಗ್ಗಿಸುವಾಗ ಎಷ್ಟು ತುಂಬಿತೆಂದು ತಿಳಿಯಲು ಲೋಟದ ಅಂಚಿಗೆ ಬೆರಳಿಡುವುದನ್ನು ನೀವು ಬಿಟ್ಟಿದ್ದೀರಂತೆ. "ರೀ, ನೀವೇ ನೋಡಿ ಹೇಳಿ, ನನ್ನ ಬೆರಳನ್ನ ನಂಬೋ ಹಾಗಿಲ್ಲ" ಎನ್ನುತ್ತೀರಂತೆ. ನನ್ನ ಸೋಮಾರಿತನ ಮುಚ್ಚಿಕೊಳ್ಳಲು, ನಿಮಗೆ ಉಳಿದಿದ್ದ ಕಣ್ಣನ್ನೂ ಕಿತ್ತುಕೊಂಡೆ.

ಆ ಶಿಲ್ಪವನ್ನು ಒಡೆದು ಹಾಕಿದೆ. ಈಗ ಎರಡು ಹನಿಗಳನ್ನು ಬೇರೆ ಬೇರೆಯಾಗಿ ಹೊಯ್ದಿದ್ದೇನೆ. ಒಂದು ಪೀಠದ ಮೇಲೆ ನಿಂತಿದೆ, ಇನ್ನೊಂದು ಮೇಲಿನಿಂದ ದಾರದಲ್ಲಿ ತೂಗುತ್ತಿದೆ. ತುದಿಗೆ ತುದಿ ತಾಗುತ್ತದೆ, ಅಂಟಿಲ್ಲ. ಮುಟ್ಟಿದರೆ ಓಲಾಡಿ ಸರಿಯುತ್ತದೆ, ಮತ್ತೆ ತಾನಾಗಿ ಅಲ್ಲಿಗೇ ಬರುತ್ತದೆ. ಭಾನುವಾರ ಪ್ರದರ್ಶನದ ಬಾಗಿಲು ತೆರೆದಾಗ ಮೊದಲು ಮುಟ್ಟುವವರು ನೀವಾಗಬೇಕು.

ನಿಮ್ಮ ಬೆರಳು ಹೇಳಿದ್ದು ನಿಜ ಚಿಕ್ಕಮ್ಮ, ನಾನು ಹೇಳಿದ್ದು ಸುಳ್ಳು. ಕ್ಷಮಿಸುವುದು ಬಿಡುವುದು ಆಮೇಲಿನ ಮಾತು. ಈಗ ಎದ್ದು ಚಹಾ ಬಗ್ಗಿಸಿ. ಚಿಕ್ಕಪ್ಪ, ನೀವು ಕೈಕಟ್ಟಿ ಕೂತಿರಿ. ಲೋಟ ತುಂಬಿತೋ ಇಲ್ಲವೋ ಅವರೇ ಹೇಳಲಿ.

ನಿಮ್ಮ ಬೆರಳ ತುದಿ ಸದಾ ಚುರುಕಾಗಿರಲಿ ಎಂದು ಬೇಡಿಕೊಳ್ಳುವ,
ನಿಮ್ಮ ತರಲೆ