ಬೀಡಿ ಬಿಟ್ಟ ಮನೆ

ಜನವರಿ 6, ಸೋಮವಾರ. ಬೆಳಿಗ್ಗೆ

ಬೀಡಿ ಎಲೆ ನೆನೆಹಾಕಿ ಬಂದೆ. ಹೊಗೆಸೊಪ್ಪಿನ ಡಬ್ಬಿ, ಬೀಡಿ ಕಟ್ಟುವ ತಡ್ಪೆ ಮೊರ, ಕತ್ತರಿ ಎಲ್ಲ ಈಗ ಹಿಂದಿನ ಕೊಟ್ಟಿಗೆಯಲ್ಲಿ. ಇವರು ಬೀಡಿ ಬಿಟ್ಟಿದ್ದಾರೆ. ಪುತ್ತೂರಿನ ಡಾಕ್ಟರು ಎಕ್ಸ್‌ರೇ ನೋಡಿ ಕೌನ್ಸೆಲರ್ ಹತ್ತಿರ ಕಳಿಸಿದ್ದರು. ಚೈತನ್ಯಾ ಅಂತ ಹೆಸರು, ಸಣ್ಣ ಪ್ರಾಯ. ಮನೆಯಲ್ಲಿ ಹೊಗೆಸೊಪ್ಪಿನ ವಾಸನೆ ಇರಬಾರದು ಎಂದಳಂತೆ. ನಾನು ಬೀಡಿ ಕಟ್ಟುವವಳು. ವಾಸನೆ ನನ್ನ ಬೆರಳಲ್ಲೇ ಇದೆಯಲ್ಲ...

ಅವಳು ಹೇಳಿದ್ದನ್ನೆಲ್ಲ ಮಾಡುತ್ತಾರೆ. ಆಸೆ ಎದ್ದಾಗ ನೀರು ಕುಡಿಯುವುದು, ಅಂಗಳದಲ್ಲಿ ನಡೆಯುವುದು. ಕಟ್ಟಿಹಾಕಿದ ಕೋಣದ ಹಾಗೆ ಸುತ್ತುತ್ತಾರೆ. ಇವತ್ತು ಗಂಜಿಗೆ ಉಪ್ಪು ಕಡಿಮೆ ಎಂದು ಬಟ್ಟಲು ಎಸೆದರು. ಬಿಸಿ ಗಂಜಿ ನನ್ನ ಕುತ್ತಿಗೆಗೆ. ಮಗಳು ಮೋಕ್ಷಿತಾ ಯೂನಿಫಾರ್ಮಿನಲ್ಲಿ ನಿಂತು ನೋಡಿದಳು. ಬಸ್ಸಿಗೆ ಓಡಿದಳು.

ಜನವರಿ 8, ಬುಧವಾರ

ಎಡಗಣ್ಣು ಊದಿದೆ. ಬರೆಯುವುದು ಕಷ್ಟ.

ಅನ್ನ ಬಡಿಸುವಾಗ ನನ್ನ ಕೈ ಹಿಡಿದು ಮೂಸಿದರು.

"ಸೊಪ್ಪು ನಾರ್ತಾ ಉಂಟು. ಬೇಕಂತಲೇ ಮಾಡುದಾ ನೀನು?"

"ಸಾಬೂನು ಹಾಕಿ ತೊಳೆದಿದ್ದೇನೆ" ಎಂದೆ.

ಜುಟ್ಟು ಹಿಡಿದು ತಲೆಯನ್ನು ಬಾಗಿಲ ದಾರಂದಕ್ಕೆ ಬಡಿದರು. ಮತ್ತೊಮ್ಮೆ ಬಡಿದರು. ಅನ್ನದ ಪಾತ್ರೆ ಎಲ್ಲಿ ಬಿತ್ತೋ.

ಎದ್ದು ಕೊಟ್ಟಿಗೆಗೆ ಹೋದೆ. ಒಂದು ಬೀಡಿ ತಂದು, ನಾನೇ ಕಡ್ಡಿ ಗೀರಿ, ಅವರ ಬಾಯಿಗೆ ಇಟ್ಟೆ. ಎಳೆದರು. ಭುಜ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು — "ನೋವಾಯ್ತಾ?"

ಇಷ್ಟೇನಾ ಔಷಧ? ಹಾಗಾದರೆ ಬಿಡಿಸುವುದು ಯಾಕೆ?

ಜನವರಿ 11, ಶನಿವಾರ. ಸಂಜೆ

ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಟ್ಟು ಕುಂಬ್ರ ಜಂಕ್ಷನಿನಲ್ಲಿ ನಿಂತಿದ್ದಾಗ ಚೈತನ್ಯಾಳ ಫೋನ್. ಇವರು ಹೇಗಿದ್ದಾರೆ ಎಂದು ಕೇಳಿದಳು. ಸುಳ್ಳು ಹೇಳಲು ಆಗಲಿಲ್ಲ.

"ನಾನೇ ಬೀಡಿ ಕೊಟ್ಟೆ ಮೇಡಂ. ಇಲ್ಲದಿದ್ರೆ ನನ್ನನ್ನು ಕೊಲ್ತಾರೆ."

ಅವಳು ಹೇಳಿದಳು — "ಬೀಡಿ ಬಿಟ್ಟಾಗ ಸಿಟ್ಟು ಬರ್ತದೆ ಪ್ರೇಮಕ್ಕ. ಕೆಲವು ವಾರ ಇರ್ತದೆ. ಮತ್ತೆ ಮನಸ್ಸು ಮೊದಲಿಗಿಂತ ಹಗುರ ಆಗ್ತದೆ. ಆದ್ರೆ ಹೊಡೆಯುದು ಬೀಡಿ ಅಲ್ಲ, ಅವ್ರು. ಬೀಡಿ ಎಳಿತಾ ಇದ್ದಾಗ ಹೊಡಿಲಿಲ್ವಾ?"

ಬಸ್ಸು ಬಂತು ಎಂದು ಕಟ್ ಮಾಡಿದೆ. ಬಸ್ಸು ಬಂದಿರಲಿಲ್ಲ.

ಮೋಕ್ಷಿತಾ ಹೊಟ್ಟೆಯಲ್ಲಿದ್ದಾಗ ಸೊಂಟಕ್ಕೆ ಒದ್ದದ್ದು. ಅಣ್ಣನ ಮದುವೆಯ ದಿನ ಎಲ್ಲರೆದುರು ಕೆನ್ನೆಗೆ. ಆಗೆಲ್ಲ ತುಟಿಯಲ್ಲಿ ಬೀಡಿ ಇತ್ತು.

ಜನವರಿ 12, ಆದಿತ್ಯವಾರ

ಬರೆಯಬೇಕು.

ಕೊಟ್ಟಿಗೆಯಲ್ಲಿ ಮೋಕ್ಷಿತಾ ನನ್ನ ಜೊತೆ ಕೂತು ಬೀಡಿಗೆ ನೂಲು ಸುತ್ತುತ್ತಿದ್ದಳು. ಇವರು ಬಂದರು. ತಡ್ಪೆಗೆ ಒದ್ದರು. ಎಲೆ, ಸೊಪ್ಪು ಎಲ್ಲ ಸೆಗಣಿಯಲ್ಲಿ. ಹೆಕ್ಕಲು ಬಗ್ಗಿದವಳ ಬೆನ್ನಿಗೆ ಇನ್ನೊಂದು. ಮಗಳು ಎದ್ದು ನಿಂತಳು.

"ಬಿಡ್ಲಿಕ್ಕೆ ಆಗುದಿಲ್ಲಾಂದ್ರೆ ಎಳೀರಿ ಅಪ್ಪ. ಅಮ್ಮನನ್ನು ಸಾಯಿಸ್ಬೇಡಿ."

ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದರು. ಕಾಲು ನೆಲ ಬಿಟ್ಟಿತು. ಮುಖ ಕೆಂಪಾಯಿತು, ಆಮೇಲೆ ಕಪ್ಪು.

ಎಲೆ ಕತ್ತರಿಸುವ ಕತ್ತರಿ ನನ್ನ ಕೈಯಲ್ಲಿತ್ತು. ತೋಳಿಗೆ ಚುಚ್ಚಿದೆ. ಬಿಡಲಿಲ್ಲ. ಕಿತ್ತು ಮತ್ತೆ ಚುಚ್ಚಿದೆ. ಬಿಟ್ಟರು, ಮಗಳು ಕೆಳಗೆ ಬಿದ್ದು ಕೆಮ್ಮಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೊಮ್ಮೆ ಹಾಕಿದೆ, ಭುಜಕ್ಕೆ. ಬಿಸಿ ರಕ್ತ ನನ್ನ ಮೊಣಕೈವರೆಗೆ ಇಳಿಯಿತು. ಖುಷಿಯಾಯಿತು. ಹೌದು, ಖುಷಿಯಾಯಿತು.

ನೆರೆಮನೆಯ ಪೋಕರ್ ನಮ್ಮನ್ನು ತನ್ನ ಆಟೋದಲ್ಲಿ ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೇಗಾಯಿತು ಎಂದು ಡಾಕ್ಟರು ಕೇಳಿದರು. ತಂತಿಬೇಲಿ ತಾಗಿತು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇವರೇ, ಗೋಡೆ ನೋಡಿಕೊಂಡು —

"ನಾನು ಮಗಳ ಕುತ್ತಿಗೆ ಒತ್ತಿದೆ. ಅದಕ್ಕೆ ಇವಳು ಚುಚ್ಚಿದ್ದು."

ಜನವರಿ 27, ಸೋಮವಾರ. ಬೆಳ್ಳಾರೆ

ಅಣ್ಣ ಲತೀಶನ ಮನೆ. ಆಸ್ಪತ್ರೆಯಿಂದ ನೇರ ಇಲ್ಲಿಗೆ. ಪೊಲೀಸರು ಹೇಳಿಕೆ ಬರೆದುಕೊಂಡು ಹೋದರು, ಮತ್ತೆ ಬರಲಿಲ್ಲ. "ಇನ್ನು ಆ ಮನೆಯ ಮೆಟ್ಟಿಲು ಹತ್ತಿದ್ರೆ ಇಲ್ಲಿಗೆ ಬರ್ಬೇಡ" ಎಂದಿದ್ದಾನೆ ಅಣ್ಣ. ಮೋಕ್ಷಿತಾಳ ಸ್ವರ ಇನ್ನೂ ಒಡಕು. ಯಾರಾದರೂ ಹಿಂದಿನಿಂದ ಬಂದರೆ ಕುತ್ತಿಗೆ ಮುಚ್ಚಿಕೊಳ್ಳುತ್ತಾಳೆ.

ಚೈತನ್ಯಾ ಫೋನ್ ಮಾಡಿದ್ದಳು.

"ಡೊಂಬಯ್ಯಣ್ಣ ಪ್ರತಿ ವಾರ ಬರ್ತಾರೆ. ಮತ್ತೆ ಬೀಡಿ ಮುಟ್ಲಿಲ್ಲ. ಮನಸ್ಸಿನ ಡಾಕ್ಟರ ಹತ್ರವೂ ಕಳಿಸಿದ್ದೇನೆ." ಆಮೇಲೆ ಮೆಲ್ಲಗೆ — "ಮನೆಯಿಂದ ಸೊಪ್ಪು ತೆಗಿರಿ ಅಂತ ಹೇಳಿದೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಹೇಗಿದ್ದಾರೆ ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತು."

ಮೈ ಉರಿಯಿತು. "ಬೀಡಿ ಬಿಟ್ಟವರಿಗೆ ಇಷ್ಟು ಜನ ಉಂಟು. ಚುಚ್ಚಿದವಳಿಗೆ ಯಾರುಂಟು?"

"ನೀವೂ ಬನ್ನಿ. ಗುರುವಾರ. ಅವ್ರು ಬರುದು ಮಂಗಳವಾರ."

ಹೋಗಿ ಎಂತ ಹೇಳುವುದು? ಖುಷಿಯಾಯಿತು ಅಂತಲಾ?

ಫೆಬ್ರವರಿ 13, ಗುರುವಾರ

ಹೇಳಿದೆ. ಚೈತನ್ಯಾ ಬೈಯಲಿಲ್ಲ. "ಅಷ್ಟು ವರ್ಷದ್ದು ಒಳಗೆ ಇತ್ತಲ್ಲ" ಎಂದಳು. ಅಳು ಬಂತು. ಬೆಳ್ಳಾರೆಯವರೆಗೂ ಬಸ್ಸಿನಲ್ಲಿ ಅತ್ತೆ.

ಮಾರ್ಚ್ 9, ಆದಿತ್ಯವಾರ. ಮಧ್ಯಾಹ್ನ

ಇವರು ಬಂದು ಹೋದರು. ಮೊದಲೇ ಕೇಳಿ, ಅಣ್ಣ ಒಪ್ಪಿದ ಮೇಲೆ. ಜಗಲಿಯ ತುದಿಯಲ್ಲಿ ಕೂತರು. ಬೀಡಿ ವಾಸನೆ ಇಲ್ಲ. ಮುಖ ತುಂಬಿಕೊಂಡಿದೆ. ತೋಳಿನ ಗಾಯ ಒಣಗಿದೆ.

ಅಣ್ಣನಿಗೆ ಹೇಳದೆ ಒಳಗೆ ಬ್ಯಾಗು ಕಟ್ಟಿಟ್ಟಿದ್ದೆ. ಇವರು ಕರೆದರೆ ಹೋಗುವುದು ಎಂದು. ಮೋಕ್ಷಿತಾಳಿಗೂ ಹೇಳಿರಲಿಲ್ಲ.

ಅವಳು ನೀರು ತಂದಳು. ದೂರದಿಂದಲೇ ಚಾಚಿ ಕೊಡುವಾಗ ಲೋಟ ಜಾರಿತು. ನೀರೆಲ್ಲ ಇವರ ಪ್ಯಾಂಟಿನ ಮೇಲೆ. ಇವರು ಎದ್ದರು, ಹೊಡೆಯಲು ಕೈ ಎತ್ತಿದರು. ಅದೇ ಕೈ, ಅದೇ ಕಣ್ಣು. ಮಗಳು ಗೋಡೆಗೆ ಒರಗಿದಳು. ಅಣ್ಣ ಹಾರಿ ರಟ್ಟೆ ಹಿಡಿದ. ಇವರು ಬಿಡಿಸಿಕೊಳ್ಳಲಿಲ್ಲ. ಕೈ ತಾನಾಗಿ ಇಳಿಯುವವರೆಗೆ ಹಾಗೆಯೇ ನಿಂತರು.

"ಹಾಗೇ ಹಿಡ್ಕೊ ಲತೀಶ" ಎಂದರು. ಆಮೇಲೆ ನನ್ನನ್ನು ನೋಡಿ — "ಬೀಡಿ ಹೋಯ್ತು. ಇದು ಹೋಗ್ಲಿಲ್ಲ. ಕರ್ಕೊಂಡು ಹೋಗುವ ಅಂತಲೇ ಬಂದದ್ದು ನಾನು. ಬೇಡ. ನಾನು ಕರೆದ್ರೂ ಬರ್ಬೇಡಿ."

ಚಪ್ಪಲಿ ಹಾಕಿಕೊಂಡು ಹೋದರು. ಕರೆಯಬೇಕೆಂದು ಬಾಯಿಗೆ ಬಂತು. ಕರೆಯಲಿಲ್ಲ.

ಈಗ ಮೋಕ್ಷಿತಾಳಿಗೆ ಬ್ಯಾಗು ಸಿಕ್ಕಿದೆ. ನನ್ನ ಸೀರೆಗಳನ್ನು ಒಂದೊಂದಾಗಿ ತೆಗೆದು ಅತ್ತಿಗೆಯ ಕಪಾಟಿನಲ್ಲಿ ಇಡುತ್ತಿದ್ದಾಳೆ. ಈಗ ಅವಳ ಕೈಯಲ್ಲಿರುವುದು ಕೊನೆಯ ಸೀರೆ. ಸಾಕು, ಒಂದಾದರೂ ಬ್ಯಾಗಿನಲ್ಲೇ ಇರಲಿ ಎಂದು ಹೇಳಬೇಕೆಂದು —