ಅಜ್ಜಿಯ ಮಂಚದಲ್ಲಿ ಕೇಳಿದ ಸದ್ದು

ಅಕ್ಕಾ,

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿದ್ದು ಸಾಲದೇ, ಊರೂರಿಗೆ ಹೋಗಿ ಕರೆಂಟಿನ ಕಥೆ ಯಾಕೆ ಹೇಳುತ್ತೀ ಎಂದು ಕೇಳಿದ್ದೆಯಲ್ಲ, ಇಲ್ಲಿ ನಡೆದದ್ದು ಕೇಳು. ಗಾಳಿಯಿಂದ ಕರೆಂಟ್ ತೆಗೆಯುವ ಯಂತ್ರ ನೆಡುವ ಕಂಪನಿ ಊರವರನ್ನು ಒಪ್ಪಿಸಲು ನನ್ನನ್ನು ಕರೆಸಿತ್ತು. ಮೊದಲ ಯಂತ್ರ ಆಗಲೇ ತಿರುಗುತ್ತಿದೆ. ಸಭೆಯಲ್ಲಿ ಅಜ್ಜಿಯೊಬ್ಬರು ಎದ್ದು, "ಅದರ ಸದ್ದಿಗೆ ನಿದ್ದೆ ಬರಲ್ಲಮ್ಮ. ಈ ಕಂಪನಿಯವರು ಸುಳ್ಳು ಅಂತಾರೆ" ಎಂದರು.

"ಆ ಸದ್ದು ನಾನಿನ್ನೂ ಕೇಳಿಲ್ಲ. ನಿಮ್ಮನೆಗೆ ಬರಲಾ?" ಎಂದೆ.

ಮಧ್ಯಾಹ್ನ ಅವರ ಮಂಚದಲ್ಲಿ ಮಲಗಿದೆ. ಒದ್ದೆ ಕಂಬಳಿ ಒದರಿದ ಹಾಗೆ ಒಂದೇ ಸಮನೆ ಧಪ್, ಧಪ್. ಕಿವಿಗೆ ದಿಂಬು ಒತ್ತಿಕೊಂಡರೂ ಬಿಡಲಿಲ್ಲ. ಸಂಜೆ ಸಭೆ ಮತ್ತೆ ಸೇರಿದಾಗ ಅದನ್ನೇ ಹೇಳಿ, ಮನೆಗೆ ಇಷ್ಟು ಹತ್ತಿರ ಯಂತ್ರ ಇರಬಾರದು ಎಂದೆ.

ಕಂಪನಿಯ ಮ್ಯಾನೇಜರ್ ಮುಖ ಗಂಟು ಹಾಕಿಕೊಂಡು, "ಮೇಡಂ, ನೀವು ಯಾರ ಕಡೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕುರ್ಚಿ ಮುಂದಕ್ಕೆಳೆದು ಕೂತು, "ಆಯ್ತು, ಹಾಗಾದ್ರೆ ಎಲ್ಲಿ ನೆಡಬಹುದು ಹೇಳಮ್ಮ" ಎಂದರು. ಒಬ್ಬರೂ ಎದ್ದು ಹೋಗಲಿಲ್ಲ.

ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ, ಬೇರೇನಿಲ್ಲ, ಗಾಬರಿ ಬೇಡ. ನಾಳೆ ನಕ್ಷೆ ಹಿಡಿದು ಅಜ್ಜಿ, ಮ್ಯಾನೇಜರ್, ನಾನು ಮೂವರೂ ಗುಡ್ಡ ಹತ್ತಬೇಕು. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ಬಾಯಿಬಡುಕಿ ತಂಗಿ