ಬಾರ್‌ನ ಎಡತುದಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಚಿನಕುರಳಿಗೆ,

ನಿನ್ನ ಅಕ್ಕ ಕಾಗದ ಬರೆಯುತ್ತಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಎಂದು ನಿನಗೆ ಇಷ್ಟರಲ್ಲೇ ಹೊಳೆದಿರಬೇಕು. ಫೋನಿನಲ್ಲಾದರೆ ನೀನು ನಗುತ್ತಾ ಮಾತು ತೇಲಿಸಿಬಿಡುತ್ತೀಯ. ಕಾಗದವಾದರೆ ನಾನು ಮುಗಿಸುವವರೆಗೂ ಕೇಳಲೇಬೇಕು.

ನೀವು ವೇಟ್‌ಲಿಫ್ಟಿಂಗ್‌ನಲ್ಲಿ ಎತ್ತುವ ಕಬ್ಬಿಣದ ಬಾರ್‌ನ ತುದಿಗೆ ಸಿಕ್ಕಿಸಿ, ಅದು ಮೇಲೇರುವ ವೇಗ ಅಳೆಯುವ ಆ ಪುಟ್ಟ ಡಬ್ಬಿಯನ್ನು ನಿಮ್ಮ ಕೋಚ್ ಪರೀಕ್ಷೆಗೆಂದು ನಮ್ಮ ಲ್ಯಾಬಿಗೆ ಕಳಿಸಿದ ದಿನವೇ ನೀನು ಫೋನ್ ಮಾಡಿದ್ದೆ. ಅಕ್ಕಾ, ಅದು ಹೇಳಿದ್ದೇ ವೇದವಾಕ್ಯ ನಮ್ಮ ಕೋಚ್‌ಗೆ, ಅದ್ರ ಮೇಲೇ ತಂಡ ಆರಿಸ್ತಾರೆ, ಆದ್ರೆ ಅದು ಬರೀ ಸುಳ್ಳು ಹೇಳತ್ತೆ, ನೀನೇ ನೋಡಿ ಹಾಗಂತ ಬರೆದುಬಿಡು ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನನ್ನು ಬಿಟ್ಟು ಯಾರನ್ನೋ ತಂಡಕ್ಕೆ ತುರುಕಲು ಆ ಮನುಷ್ಯ ಹೂಡಿದ ಆಟ ಎಂದುಕೊಂಡೆ.

ಬಾರ್‌ನ ಎರಡೂ ತುದಿಗೆ ಹೊಳೆಯುವ ಗುರುತು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ನಮ್ಮ ದಢೂತಿ ಸಹೋದ್ಯೋಗಿಯಿಂದ ಅದನ್ನು ತಲೆಯ ಮೇಲಕ್ಕೆ ಎತ್ತಿಸಿದೆ. ನಿಧಾನ, ರಭಸ, ಹಗುರ, ಭಾರ ಎಲ್ಲವೂ ಆಯಿತು. ಪಾಪ, ಅವರು ಇನ್ನೊಂದು ವಾರ ಯಾರಿಗೂ ಕೈಯೆತ್ತಿ ಟಾಟಾ ಮಾಡಲಾರರು. ನಾನು ತಪ್ಪು ಹುಡುಕಲೆಂದೇ ಕೂತಿದ್ದೆ. ಆದರೂ ಡಬ್ಬಿಯ ವೇಗಕ್ಕೂ ಕ್ಯಾಮೆರಾದ ವೇಗಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ರಪ್ಪನೆ ಎತ್ತಿದಾಗ ಮಾತ್ರ ಚೂರು ಹೆಚ್ಚು ತೋರಿಸಿತು. ಎಡತುದಿಗೆ ಸಿಕ್ಕಿಸಿದರೂ ಬಲತುದಿಗೆ ಸಿಕ್ಕಿಸಿದರೂ ಅದರದು ಒಂದೇ ಮಾತು.

ಹಾಗಿದ್ದರೆ ಕಳ್ಳತನ ಕೋಚ್‌ನದೇ ಇರಬೇಕು, ಮಾತಿನಲ್ಲೇ ಹಿಡಿದುಹಾಕೋಣ ಎಂದು ಅವರಿಗೆ ಫೋನ್ ಮಾಡಿದೆ. ನಾನು ನಿನ್ನ ಅಕ್ಕ ಎಂದು ಅವರಿಗೆ ಗೊತ್ತಿಲ್ಲ. ಹುಡುಗೀರು ತಮಗೆ ಬೇಕಾದ ತುದಿಗೆ ತಾವೇ ಸಿಕ್ಕಿಸ್ಕೋತಾರೆ ಮೇಡಂ, ಒಂದಿನ ನಾನೇ ಎಲ್ಲರಿಗೂ ಎಡಗಡೆ ಹಾಕಿದೆ, ಒಬ್ಬಳ ವೇಗ ಮಾತ್ರ ದಬಕ್ಕಂತ ಬಿತ್ತು ಅಂದರು. ಯಾವಾಗಲೂ ಬಲಗಡೆಯೇ ಸಿಕ್ಕಿಸುವ, ಬಾಯಿ ಸ್ವಲ್ಪ ಜೋರಿರುವ ಹುಡುಗಿಯಂತೆ. ಯಾರೆಂದು ಕೇಳಬೇಕಾಗಿ ಬರಲಿಲ್ಲ. ಡಬ್ಬಿ ಕೆಟ್ಟಿದೆ ಸಾರ್ ಅಂತ ಅವಳು ಅಷ್ಟು ಹೇಳ್ತಾಳೆ, ಅವಳಿಗೆ ಅನ್ಯಾಯ ಆಗಬಾರದು ಅಂತಲೇ ಕಳಿಸಿದೆ ಅಂದರು. ನಾನು ಅನುಮಾನಪಟ್ಟ ಮನುಷ್ಯ ನಿನ್ನನ್ನು ನಂಬಿ ಕೂತಿದ್ದಾರೆ.

ಬಾರ್‌ನ ಎಡತುದಿ ಹಿಂದೆ ಬೀಳುತ್ತಿದೆ ಎಂದರೆ ನಿನ್ನ ಎಡಗೈ ಹಿಂದೆ ಬೀಳುತ್ತಿದೆ. ಕಳೆದ ಸಲ ನೀನು ಮನೆಗೆ ಬಂದಾಗ ಜಡೆ ಹಾಕು ಎಂದು ಅಮ್ಮನ ಮುಂದೆ ಕೂತೆ. ಮುದ್ದು ಜಾಸ್ತಿಯಾಯಿತು ಎಂದು ನಾನು ಗೇಲಿ ಮಾಡಿದೆ. ನೀನು ಸ್ವೆಟರಿನೊಳಗೆ ಮೊದಲು ಎಡತೋಳನ್ನು ಮೆಲ್ಲಗೆ ತೂರಿಸಿ ಆಮೇಲೆ ತಲೆ ತೂರಿಸುತ್ತಿದ್ದೆ. ಕಣ್ಣಿದ್ದೂ ಕುರುಡಿಯಾಗಿದ್ದೆ ನಾನು.

ಡಬ್ಬಿ ಕೆಟ್ಟಿದೆ ಎಂದು ನಾನು ಬರೆದರೆ ಎಡತುದಿಯ ಲೆಕ್ಕ ಕಸದ ಬುಟ್ಟಿಗೆ ಹೋಗುತ್ತದೆ, ನೀನು ತಂಡಕ್ಕೆ ಹೋಗುತ್ತೀಯ. ನನ್ನ ಕೈಯಿಂದಲೇ ಇದನ್ನು ಮಾಡಿಸಲು ಹೊರಟಿದ್ದೆಯಾ? ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನೋವಿರುವ ಆ ಎಡಭುಜದ ಮೇಲೆ ಸ್ಪರ್ಧೆಯ ಭಾರ ಬಿದ್ದರೆ, ಆಮೇಲೆ ಬಾರ್ ಹಾಳಾಗಲಿ, ನೀರಿನ ಬಕೆಟ್ಟನ್ನೂ ಎತ್ತಲಾರೆ.

ವರದಿ ಇನ್ನೂ ನನ್ನ ಮೇಜಿನ ಮೇಲಿದೆ. ಅದು ಹೋಗುವ ಮೊದಲು ನೀನೇ ಕೋಚ್ ಹತ್ತಿರ ಹೋಗಿ ಭುಜದ ವಿಷಯ ಹೇಳಿಬಿಡು. ಈ ವರ್ಷದ ತಂಡ ಕೈತಪ್ಪಬಹುದು. ನೀನು ಮುಖ ಊದಿಸಿಕೊಂಡು ನನ್ನ ಜೊತೆ ಮಾತು ಬಿಡಬಹುದು. ಬಿಡು, ಚಿಕ್ಕಂದಿನಲ್ಲೂ ಎಷ್ಟು ಸಲ ಬಿಟ್ಟಿಲ್ಲ. ಡಾಕ್ಟರ ಹತ್ತಿರ ನಾನೇ ಜೊತೆಗೆ ಬರುತ್ತೇನೆ.

ನಿನ್ನ ಮೇಲೆ ಜೀವವನ್ನೇ ಇಟ್ಟುಕೊಂಡಿರುವ,
ಅಕ್ಕ

ತಾ.ಕ.: ವರದಿ ಮೇಜಿನ ಮೇಲಿದೆ ಎಂದದ್ದು ಸುಳ್ಳು. ಡಬ್ಬಿ ಸರಿಯಾಗಿದೆ ಎಂದು ಬರೆದು, ಸಹಿ ಹಾಕಿ, ನಿನ್ನೆ ಸಂಜೆಯೇ ಕಳಿಸಿಬಿಟ್ಟೆ. ಅದನ್ನು ಕಳಿಸುವ ಮೊದಲೇ ಈ ಕಾಗದ ನಿನ್ನ ಕೈ ಸೇರಿ, ನೀನು ಫೋನಿನಲ್ಲಿ ಅಕ್ಕಾ ಎಂದು ಒಂದು ಸಲ ಅತ್ತಿದ್ದರೂ ಸಾಕಿತ್ತು, ನಾನು ಡಬ್ಬಿಯೇ ಕೆಟ್ಟಿದೆ ಎಂದು ಬರೆದುಬಿಡುತ್ತಿದ್ದೆ.